ಮೊಲದ ಸೊಂಟದ ಡಬ್ಬಿ

ಪೂರ್ವಗ್ರಹವೆಂಬುದು ಕೆಟ್ಟವರ ಸೊತ್ತು ಎಂದು ನಂಬಿರುವುದರಷ್ಟು ನೆಮ್ಮದಿಯ ನಂಬಿಕೆ ಇನ್ನೊಂದಿಲ್ಲ. ಒಬ್ಬನ ಹುಟ್ಟನ್ನೋ ಬಣ್ಣವನ್ನೋ ಕಂಡು ಮುಖ ಸಿಂಡರಿಸುವವನು, ಬಾಗಿಲು ಮುಚ್ಚುವವನು, ದೊಣ್ಣೆ ಎತ್ತುವವನು ಯಾರೋ ಬೇರೊಬ್ಬ. ಅವನು ಓದಿದವನಲ್ಲ, ಓದಿದ್ದರೂ ತಿಳಿದವನಲ್ಲ, ನಾವಂತೂ ಅವನಲ್ಲವೇ ಅಲ್ಲ. ಈ ನಂಬಿಕೆಗೆ ನೀರೆರೆಯುವುದರಲ್ಲಿ ಕಥೆಗಳ ಪಾಲೂ ಉಂಟು. ಅದರಲ್ಲಿಯೂ ಮನೆಮಂದಿಯೆಲ್ಲ ಕೂಡಿ ನೋಡುವ ಕಾರ್ಟೂನು ಚಿತ್ರಗಳು (ಈಗ ಆನಿಮೇಷನ್ ಎಂಬ ಹೆಸರೇ ರೂಢಿ) ಈ ಕೆಲಸವನ್ನು ಸೊಗಸಾಗಿ ಮಾಡುತ್ತವೆ. ೧೯೯೧ರಲ್ಲಿ ಡಿಸ್ನಿ ಸಂಸ್ಥೆ ತೆಗೆದ ‘ಬ್ಯೂಟಿ ಅಂಡ್ ದಿ ಬೀಸ್ಟ್’ ನೋಡಿದವರಿಗೆ ನೆನಪಿರಬಹುದು. ಊರಿನ ಸುಂದರಾಂಗ ಗ್ಯಾಸ್ಟನ್ ಜನರನ್ನು ಹುರಿದುಂಬಿಸಿ, ಕೈಗೆ ಪಂಜು ಕೊಟ್ಟು, ಅರಮನೆಯಲ್ಲಿ ಅಡಗಿರುವ ಕುರೂಪಿಯನ್ನು ಕೊಲ್ಲಲು ಕರೆದೊಯ್ಯುತ್ತಾನೆ. ರೂಪ ನೋಡಿ ಗುಣ ಅಳೆಯಬಾರದೆಂಬ ಪಾಠ ಅಲ್ಲಿದೆ, ನಿಜ. ಆದರೆ ಆಟ ಮುಗಿದು ಹೊರಗೆ ಬಂದ ಯಾವ ಹುಡುಗನೂ ‘ಆ ಪಂಜು ಹಿಡಿದವರಲ್ಲಿ ನಾನೂ ಒಬ್ಬ’ ಎಂದುಕೊಂಡು ಬರುವುದಿಲ್ಲ. ಅವನ ಅಪ್ಪನೂ ಅಷ್ಟೆ.

ಈ ನೆಮ್ಮದಿಯನ್ನು ಕೆಡಿಸಿದ ಚಿತ್ರ ೨೦೧೬ರಲ್ಲಿ ಅದೇ ಸಂಸ್ಥೆಯಿಂದ ಬಂದ ‘ಜೂಟೋಪಿಯ’. ಬೈರನ್ ಹೋವರ್ಡ್ ಮತ್ತು ರಿಚ್ ಮೂರ್ ಅದರ ನಿರ್ದೇಶಕರು. ಮರುವರ್ಷ ಅದಕ್ಕೆ ಆಸ್ಕರ್ ಪ್ರಶಸ್ತಿಯೂ ದೊರೆಯಿತು. ಪ್ರಾಣಿಗಳು ತಾವೇ ಕಟ್ಟಿಕೊಂಡ ಒಂದು ಮಹಾನಗರ. ಹಿಂದೊಮ್ಮೆ ಬೇಟೆಯಾಡುತ್ತಿದ್ದವೂ ಬೇಟೆಯಾಗುತ್ತಿದ್ದವೂ ಅಲ್ಲಿ ಅಕ್ಕಪಕ್ಕದಲ್ಲಿ ಬಾಳುತ್ತವೆ. ಕ್ಯಾರಟ್ ಬೆಳೆಯುವ ರೈತರ ಮಗಳು ಜೂಡಿ ಹಾಪ್ಸ್ ಎಂಬ ಮೊಲ, ಹಟ ಹಿಡಿದು ಪೋಲೀಸಿಗೆ ಸೇರುತ್ತಾಳೆ. (ಮೊಲಕ್ಕೆ ‘ಅವಳು’ ಎನ್ನುವುದನ್ನು ನಮ್ಮ ವ್ಯಾಕರಣ ಒಪ್ಪುವುದಿಲ್ಲ, ಕಥೆ ಒಪ್ಪಿಸಿಬಿಡುತ್ತದೆ.) ಆನೆ, ಘೇಂಡಾಮೃಗ, ಕಾಡೆಮ್ಮೆಗಳ ನಡುವೆ ಇವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರಿಲ್ಲ. ಮೊದಲ ದಿನವೇ ವಾಹನ ನಿಲುಗಡೆಯ ದಂಡದ ಚೀಟಿ ಹರಿಯುವ ಕೆಲಸಕ್ಕೆ ಹಾಕುತ್ತಾರೆ. ಠಾಣೆಯ ಬಾಗಿಲಲ್ಲಿ ಕೂತ ಚಿರತೆ ಕ್ಲಾಹೌಸರ್ ಅವಳನ್ನು ‘ಮುದ್ದಾಗಿದ್ದೀಯ’ ಎಂದಾಗ, ಒಂದು ಮೊಲ ಇನ್ನೊಂದು ಮೊಲಕ್ಕೆ ಹಾಗೆನ್ನಬಹುದು, ಬೇರೆಯವರು ಅಂದರೆ ಸರಿಯಾಗುವುದಿಲ್ಲ ಎಂದು ನಯವಾಗಿಯೇ ತಿದ್ದುತ್ತಾಳೆ. ಎಂದರೆ, ಹುಟ್ಟಿನಿಂದ ಒಬ್ಬರನ್ನು ಅಳೆಯುವುದು ಎಷ್ಟು ನೋವಿನ ಸಂಗತಿ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟೆಲ್ಲ ಇರುವ ಜೂಡಿಯ ಸೊಂಟದಲ್ಲಿ ಒಂದು ಡಬ್ಬಿ ಇದೆ. ನರಿ ಮೇಲೆ ಬಿದ್ದರೆ ಮುಖಕ್ಕೆ ಸಿಂಪಡಿಸುವ ಡಬ್ಬಿ. ಊರು ಬಿಡುವಾಗ ಅಪ್ಪ ಅಮ್ಮ ಕೊಟ್ಟದ್ದು. ಅವರೂ ಕೆಟ್ಟವರಲ್ಲ, ಪರವೂರಿಗೆ ಹೊರಟ ಮಗಳಿಗೆ ನಮ್ಮವರು ಉಪ್ಪಿನಕಾಯಿ ಕಟ್ಟಿಕೊಟ್ಟಂತೆ ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಅವಳು ಬೇಡವೆಂದುಕೊಂಡೇ ತೆಗೆದುಕೊಳ್ಳುತ್ತಾಳೆ. ಒಂದು ದಿನ ಕೋಣೆಯಲ್ಲೇ ಬಿಟ್ಟು ಹೊರಟವಳು ಬಾಗಿಲಿನಿಂದ ಹಿಂತಿರುಗಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ನನ್ನ ಪಕ್ಕದಲ್ಲಿ ಕೂತು ನೋಡುತ್ತಿದ್ದ ತಂಗಿಯ ಮಗಳು, ಏಳು ವರ್ಷದವಳು, ಆಗ ಕೇಳಿದ ಪ್ರಶ್ನೆ ಇಷ್ಟು: “ಮಾಮ, ಅವಳು ಒಳ್ಳೆಯವಳು ತಾನೆ? ಮತ್ತೆ ಡಬ್ಬಿ ಯಾಕೆ?” ಚಿತ್ರವನ್ನು ಕುರಿತು ನಾನು ಅನಂತರ ಓದಿದ ವಿಮರ್ಶೆಗಳಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಕಾಣಲಿಲ್ಲ.

ಊರಿನಲ್ಲಿ ಅವಳಿಗೆ ಪರಿಚಯವಾಗುವ ನರಿ ನಿಕ್ ವೈಲ್ಡ್. ಐಸ್‌ಕ್ರೀಮು ಅಂಗಡಿಯ ಆನೆ ಅವನಿಗೆ ಮಾರುವುದಿಲ್ಲ ಎನ್ನುತ್ತಾನೆ. ಜೂಡಿ ಅಡ್ಡಬಂದು ನ್ಯಾಯ ಕೊಡಿಸುತ್ತಾಳೆ. ಕೊಡಿಸಿ, ಹೊರಗೆ ಬಂದು, ನಿನ್ನ ಮಾತು ಎಷ್ಟು ಚೆನ್ನಾಗಿದೆ ಎಂದು ನರಿಯನ್ನು ಮೆಚ್ಚಿಕೊಳ್ಳುತ್ತಾಳೆ. ಅಮೆರಿಕದ ಕರಿಯ ಜನ ಈ ಮೆಚ್ಚುಗೆಯನ್ನು ಬಹಳ ಸಲ ಕೇಳಿ ಬಲ್ಲರು: ನಿನ್ನಂಥವನ ಬಾಯಲ್ಲಿ ಇಷ್ಟು ಶುದ್ಧವಾದ ಮಾತೇ ಎಂಬ ಆಶ್ಚರ್ಯ ಅದರ ಹೊಟ್ಟೆಯಲ್ಲಿದೆ. ನಮ್ಮಲ್ಲೂ ಇದಕ್ಕೆ ಸರಿಯಾದ ಒಂದು ವಾಕ್ಯ ಬಳಕೆಯಲ್ಲಿದೆ. “ನಿಮ್ಮನ್ನ ನೋಡಿದರೆ ಆ ಪೈಕಿ ಅಂತ ಗೊತ್ತೇ ಆಗೋಲ್ಲ.” ಹೇಳುವವರು ಹೊಗಳಿದೆವೆಂದು ತಿಳಿದಿರುತ್ತಾರೆ, ನಗುತ್ತಾ ಹೇಳುತ್ತಾರೆ, ಮೇಲೆ ಒಂದು ಲೋಟ ಕಾಫಿಯನ್ನೂ ಕೊಡುತ್ತಾರೆ. ಕೇಳಿಸಿಕೊಂಡವನು ಕಾಫಿ ಕುಡಿದು ಏಳಬೇಕಾಗುತ್ತದೆ.

ಚಿತ್ರದ ಜೀವ ಇರುವುದು ನಡುವಿನ ಒಂದು ದೃಶ್ಯದಲ್ಲಿ. ಊರಿನಲ್ಲಿ ಕಾಣೆಯಾದ ೧೪ ಪ್ರಾಣಿಗಳನ್ನು ಜೂಡಿ ನಿಕ್ಕನ ನೆರವಿನಿಂದ ಪತ್ತೆಮಾಡಿದ್ದಾಳೆ. ಅವೆಲ್ಲ ಮಾಂಸಾಹಾರಿಗಳು, ಏನೋ ಆಗಿ ಬುದ್ಧಿ ಕೆಟ್ಟು ಕಾಡುಮೃಗಗಳಂತೆ ಎರಗುತ್ತಿವೆ. ಪತ್ರಕರ್ತರು ಕಾರಣ ಕೇಳುತ್ತಾರೆ. ಜೂಡಿ ತಡವರಿಸಿ, ಅದು ಅವರ ದೇಹಪ್ರಕೃತಿಯಲ್ಲೇ ಇರಬಹುದು, ಸಾವಿರಾರು ವರ್ಷಗಳ ಹಿಂದಿನ ಸ್ವಭಾವ ಮರಳಿ ಬರುತ್ತಿರಬಹುದು ಎನ್ನುತ್ತಾಳೆ. ದ್ವೇಷದಿಂದ ಹೇಳಿದ್ದಲ್ಲ. ಶಾಸ್ತ್ರೀಯವಾಗಿ ಹೇಳುತ್ತಿದ್ದೇನೆ ಎಂಬ ಭಾವನೆಯಿಂದ ಹೇಳಿದ್ದು. ಪಕ್ಕದಲ್ಲಿ ನಿಂತು ಇದನ್ನೆಲ್ಲ ಕೇಳಿದ ನಿಕ್, ಆಮೇಲೆ ಅವಳ ಹತ್ತಿರ ಬಂದು, ನಿನಗೆ ನನ್ನ ಭಯವೇ ಎಂದು ಕೇಳಿ, ಎರಗುವವನಂತೆ ಮುಂದೆ ಬಾಗುತ್ತಾನೆ. ಜೂಡಿಯ ಕೈ ತಾನಾಗಿ ಡಬ್ಬಿಯ ಮೇಲೆ ಹೋಗುತ್ತದೆ.

ತಾನಾಗಿ ಎಂಬ ಮಾತನ್ನು ಗಮನಿಸಬೇಕು. ಅವಳ ಬಾಯಿ ‘ಇಲ್ಲ’ ಎನ್ನುವ ಮೊದಲೇ ಕೈ ‘ಹೌದು’ ಎಂದಾಗಿದೆ. ಪೂರ್ವಗ್ರಹವನ್ನು ಕುರಿತು ನಾವು ಭಾಷಣ ಮಾಡುವಾಗ ಅದನ್ನು ಒಂದು ಅಭಿಪ್ರಾಯ ಎಂಬಂತೆ ಮಾತನಾಡುತ್ತೇವೆ. ವಾದದಿಂದ ಗೆಲ್ಲಬಹುದು, ಪುಸ್ತಕ ಓದಿಸಿ ತಿದ್ದಬಹುದು ಎಂದುಕೊಳ್ಳುತ್ತೇವೆ. ಜೂಡಿಯ ಅಭಿಪ್ರಾಯಗಳಲ್ಲಿ ತಿದ್ದುವಂಥದು ಏನೂ ಇರಲಿಲ್ಲ. ತಪ್ಪು ಇದ್ದದ್ದು ಅವಳ ಮೊಣಕೈಯಲ್ಲಿ.

ಮುಂದೆ ನಗರದಲ್ಲಿ ನಡೆಯುವುದನ್ನು ಚಿತ್ರ ಎರಡು ಮೂರು ಸಣ್ಣ ಗೆರೆಗಳಲ್ಲಿ ಹೇಳಿಬಿಡುತ್ತದೆ. ರೈಲಿನಲ್ಲಿ ಹುಲಿಯೊಂದು ಬಂದು ಕೂತಾಗ ಪಕ್ಕದ ತಾಯಿ ಮೊಲ ಮಗುವನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ. ಹುಲಿ ಏನೂ ಅನ್ನುವುದಿಲ್ಲ. ಠಾಣೆಯ ಬಾಗಿಲಲ್ಲಿ ಬಂದವರನ್ನೆಲ್ಲ ನಕ್ಕು ಬರಮಾಡಿಕೊಳ್ಳುತ್ತಿದ್ದ ಕ್ಲಾಹೌಸರ್ ತನ್ನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಾನೆ. ಒಳಗೆ ಬಂದವರಿಗೆ ಮೊದಲು ಕಾಣುವ ಮುಖ ಚಿರತೆಯದಾಗಿರುವುದು ಬೇಡವೆಂದು ಮೇಲಿನವರಿಗೆ ತೋರಿದೆ. ಅವನನ್ನು ಕೆಳಗೆ, ಬಾಯ್ಲರಿನ ಪಕ್ಕದ ದಾಖಲೆ ಕೋಣೆಗೆ ವರ್ಗಮಾಡಿದ್ದಾರೆ. ಅವನನ್ನು ಯಾರೂ ಬೈದಿಲ್ಲ. ಸಂಬಳ ಕಡಿಮೆ ಮಾಡಿದರೆಂದೂ ಅವನು ಹೇಳುವುದಿಲ್ಲ. ಕಛೇರಿಗಳಲ್ಲಿ ಕೆಲಸ ಮಾಡಿದ ಓದುಗರು ಈ ಬಗೆಯ ವರ್ಗಾವಣೆಯನ್ನು ಕಂಡಿರಬಹುದು; ಅದರ ಆಜ್ಞಾಪತ್ರದಲ್ಲಿ ‘ಆಡಳಿತದ ಹಿತದೃಷ್ಟಿಯಿಂದ’ ಎಂದಿರುತ್ತದೆ.

ಈ ಕಥೆ ಮೊದಲು ಹೀಗಿರಲಿಲ್ಲವಂತೆ. ತಯಾರಕರೇ ಹೇಳಿಕೊಂಡಿದ್ದಾರೆ: ಮೊದಲಿನ ಯೋಜನೆಯಲ್ಲಿ ನಾಯಕ ನರಿ. ಮಾಂಸಾಹಾರಿಗಳೆಲ್ಲ ಕೊರಳಿಗೆ ಒಂದು ಪಟ್ಟಿ ಕಟ್ಟಿಕೊಂಡಿರಬೇಕು. ಸ್ವಲ್ಪ ಉದ್ರೇಕವಾದರೂ ಅದು ವಿದ್ಯುತ್ತಿನ ಪೆಟ್ಟು ಕೊಡುತ್ತದೆ. ಹಲವು ವರ್ಷ ದುಡಿದಮೇಲೆ, ಚಿತ್ರ ಬಹಳ ಮಟ್ಟಿಗೆ ಮುಂದುವರಿದಿದ್ದಾಗ, ಅದನ್ನು ಬಿಟ್ಟು ಮೊಲವನ್ನು ಮುಂದಕ್ಕೆ ತಂದರು. ಅಂಥ ಕ್ರೂರ ನಗರವನ್ನು ಯಾರೂ ಪ್ರೀತಿಸಲಾರರು ಎಂಬುದು ಅವರು ಕೊಟ್ಟ ಕಾರಣ. ನನಗೆ ಕಾಣುವ ಲಾಭ ಬೇರೆ. ಕೊರಳಪಟ್ಟಿಯ ಕಥೆಯಾಗಿದ್ದರೆ ನಾವೆಲ್ಲ ನರಿಯ ಪಕ್ಕದಲ್ಲಿ ನಿಂತು ಅತ್ತು, ಪಟ್ಟಿ ಕಟ್ಟಿದವರನ್ನು ಶಪಿಸಿ ಮನೆಗೆ ಹೋಗುತ್ತಿದ್ದೆವು. ಡಬ್ಬಿಯ ಕಥೆಯಲ್ಲಿ ಆ ಅನುಕೂಲವಿಲ್ಲ.

ಹಾಗೆಂದು ಇದನ್ನು ನಿರ್ದುಷ್ಟವೆನ್ನಲಾರೆ. ಒಂದು ದೊಡ್ಡ ತೊಡಕು ಇದೆ. ಚಿತ್ರದ ಲೋಕದಲ್ಲಿ ನರಿಯ ಪೂರ್ವಿಕರು ಮೊಲದ ಪೂರ್ವಿಕರನ್ನು ನಿಜವಾಗಿಯೂ ತಿನ್ನುತ್ತಿದ್ದರು. ಎಂದಮೇಲೆ ಆ ಭಯಕ್ಕೆ ಎಲ್ಲೋ ಹಿಂದೆ ಒಂದು ಕಾರಣವಿದ್ದಂತಾಯಿತು. ಮನುಷ್ಯರ ಲೋಕದಲ್ಲಿ ಯಾರನ್ನು ಕಂಡು ಜನ ದೂರ ಸರಿದರೋ ಅವರು ಯಾರನ್ನೂ ತಿಂದವರಲ್ಲ. ಅಮೆರಿಕದ ಹತ್ತಿಯ ಹೊಲದಲ್ಲಿ ದುಡಿದವನು ಒಡೆಯನನ್ನು ಕಚ್ಚಿರಲಿಲ್ಲ. ನಮ್ಮ ಊರಾಚೆಯ ಕೇರಿಯವನು ಅಗ್ರಹಾರವನ್ನು ನುಂಗಿರಲಿಲ್ಲ. ಭಯಪಡುವುದಕ್ಕೆ ಕಾರಣವಿದ್ದದ್ದು ಯಾರಿಗೆ ಎಂದು ಲೆಕ್ಕ ಹಾಕಿದರೆ ಕಥೆ ತಿರುಗುಮುರುಗಾಗುತ್ತದೆ. ಮೃಗಗಳ ನೆಪದಲ್ಲಿ ಮನುಷ್ಯರ ಮಾತು ಹೇಳಲು ಹೊರಟ ಕಥೆಗಾರನಿಗೆಲ್ಲ ಈ ತೊಡಕು ತಪ್ಪಿದ್ದಲ್ಲ.

ಕನ್ನಡ ಪಾಠ ಹೇಳುವವನಾದ ನನಗೆ ಇಲ್ಲಿ ಪಂಚತಂತ್ರದ ನೆನಪಾಗದೆ ಇರುವುದು ಹೇಗೆ? ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದಂದಿನಿಂದ, ಬಾಯಿಮಾತಿನಲ್ಲಿ ಅದಕ್ಕಿಂತ ಹಿಂದಿನಿಂದಲೂ ಇರಬಹುದು, ನಮ್ಮಲ್ಲಿ ಪ್ರಾಣಿ ಕಥೆಗಳು ಕಡಿಮೆಯಿಲ್ಲ. ಅವುಗಳ ಅನುಕೂಲವೇನೆಂದರೆ ಪಾತ್ರಗಳು ಗುಣವನ್ನು ಹುಟ್ಟಿನಿಂದಲೇ ಹೊತ್ತು ಬರುತ್ತವೆ. ನರಿ ಎಂದೊಡನೆ ಕಪಟಿ, ಕತ್ತೆ ಎಂದೊಡನೆ ದಡ್ಡ, ವರ್ಣನೆಯ ಶ್ರಮವಿಲ್ಲ. ನೀಲಿಯ ತೊಟ್ಟಿಗೆ ಬಿದ್ದು ಬಣ್ಣ ಬದಲಾಗಿ, ಕಾಡಿಗೆ ರಾಜನಾದ ನರಿಯ ಕಥೆಯನ್ನು ನಾವೆಲ್ಲ ಕೇಳಿದವರೇ. ದೂರದಲ್ಲಿ ಬೇರೆ ನರಿಗಳು ಕೂಗಿದಾಗ ಇದೂ ತಡೆಯಲಾರದೆ ಕೂಗಿತು. ಗುಟ್ಟು ಬಯಲಾಗಿ ಸತ್ತಿತು. ಸೋಗು ನಿಲ್ಲುವುದಿಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ತನ್ನವರನ್ನೇ ಓಡಿಸಿದ ತಪ್ಪು ಅದರದು ಎಂದೂ ಸೇರಿಸಬಹುದು. ಆದರೆ ಅದೇ ಕಥೆ ಮೆಲ್ಲಗೆ ಇನ್ನೊಂದು ಮಾತನ್ನೂ ಕಿವಿಯಲ್ಲಿ ಊದುತ್ತದೆ: ಎಷ್ಟು ಎತ್ತರಕ್ಕೆ ಏರಿದರೂ ಹುಟ್ಟು ಒಂದು ದಿನ ಕೂಗಿಯೇ ತೀರುತ್ತದೆ. ಜೂಡಿ ಪತ್ರಕರ್ತರ ಮುಂದೆ ಹೇಳಿದ್ದು ಇದಕ್ಕಿಂತ ಬೇರೆಯೇನಲ್ಲ.

ಕಾರ್ಟೂನು ಚಿತ್ರಕಲೆ ಈ ವಂಶದಲ್ಲೇ ಹುಟ್ಟಿದ ಕೂಸು. ಅದರ ಕೈಚಳಕವೆಲ್ಲ ಇರುವುದು ಒಂದು ಗುಣವನ್ನು ಹೆಕ್ಕಿ, ಹಿಗ್ಗಿಸಿ, ನಾಲ್ಕು ಗೆರೆಯಲ್ಲಿ ‘ಇವನು ಇಂಥವನು’ ಎಂದು ತೋರಿಸುವುದರಲ್ಲಿ. ಪೂರ್ವಗ್ರಹದ ಕೈಚಳಕವೂ ಅದೇ. ಆದ್ದರಿಂದ ಈ ಕಲೆ ಪೂರ್ವಗ್ರಹದ ವಿರುದ್ಧ ಉಪದೇಶಕ್ಕೆ ನಿಂತಾಗ ತನ್ನ ಕೈಯೊಡನೆ ತಾನೇ ಜಗಳವಾಡಬೇಕಾಗುತ್ತದೆ. ೧೯೪೧ರ ‘ಡಂಬೊ’ ಇದಕ್ಕೆ ಸಾಕ್ಷಿ. ದೊಡ್ಡ ಕಿವಿಯ ಆನೆಮರಿಯನ್ನು ಸರ್ಕಸ್ಸಿನವರು ಹಾಸ್ಯಮಾಡುತ್ತಾರೆ. ಮಗನನ್ನು ಕಾಯಲು ಹೋದ ತಾಯಿಯನ್ನು ಹುಚ್ಚೆಂದು ಕೂಡಿಹಾಕುತ್ತಾರೆ. ಕಂಬಿಯ ಸಂದಿಯಿಂದ ತಾಯಿ ಸೊಂಡಿಲು ಚಾಚಿ ಮರಿಯನ್ನು ತೂಗುವ ದೃಶ್ಯವನ್ನು ಕಣ್ಣು ಒದ್ದೆಯಾಗದೆ ನೋಡುವುದು ಕಷ್ಟ. ಅದೇ ಚಿತ್ರದಲ್ಲಿ, ಮಳೆಯ ರಾತ್ರಿಯಲ್ಲಿ ಡೇರೆ ಎತ್ತುವ ಕರಿಯ ಕೂಲಿಗಳಿಗೆ ಮುಖವನ್ನೇ ಬರೆದಿಲ್ಲ. ಹಾರಲು ಕಲಿಸುವ ಕಾಗೆಗಳನ್ನು ಕರಿಯರ ಮಾತಿನ ಧಾಟಿಯನ್ನು ಅಣಕಿಸುವಂತೆ ಮಾಡಿದ್ದಾರೆ. ಮುಂದಾಳು ಕಾಗೆಗೆ ಸ್ಟುಡಿಯೋದವರು ಇಟ್ಟ ಹೆಸರು ಜಿಮ್ ಕ್ರೋ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರನ್ನು ಬೇರೆ ಕೂರಿಸುತ್ತಿದ್ದ ಕಾನೂನುಗಳಿಗೆ ಇದ್ದ ಹೆಸರೇ ಅದು. ಆ ಕಾಗೆಗೆ ಧ್ವನಿ ಕೊಟ್ಟಾತ ಬಿಳಿಯ. ಒಂದು ಗಂಟೆಗಿಂತ ಸ್ವಲ್ಪವೇ ಉದ್ದದ ಚಿತ್ರದಲ್ಲಿ ಕಿವಿಯ ವಿಷಯದಲ್ಲಿ ಅಷ್ಟು ಕರುಣೆ, ಮೈಬಣ್ಣದ ವಿಷಯದಲ್ಲಿ ಇಷ್ಟು ಕುರುಡು! ಈ ಚಿತ್ರಕ್ಕೂ ಇಂಥ ಇನ್ನು ಕೆಲವಕ್ಕೂ ಡಿಸ್ನಿ ಸಂಸ್ಥೆ ೨೦೨೦ರಲ್ಲಿ ಎಚ್ಚರಿಕೆಯ ಮಾತೊಂದನ್ನು ಮೊದಲಿಗೆ ಸೇರಿಸಿತು. ಒಳ್ಳೆಯದೇ. ಆದರೆ ‘ಡಂಬೊ’ ತಯಾರಾದಾಗಲೂ ಅದನ್ನು ಬರೆದವರು ತಮ್ಮನ್ನು ದಯಾವಂತರೆಂದೇ ತಿಳಿದಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

‘ಜೂಟೋಪಿಯ’ವೂ ಈ ಚಾಪಲ್ಯದಿಂದ ಪಾರಾಗಿಲ್ಲ. ಜಾತಿ ನೋಡಿ ಯಾರನ್ನೂ ಅಳೆಯಬೇಡಿ ಎನ್ನುವ ಆ ಚಿತ್ರದಲ್ಲಿ ಜನ ಅತಿ ಜೋರಾಗಿ ನಗುವುದು ವಾಹನ ಪರವಾನಗಿಯ ಕಛೇರಿಯಲ್ಲಿ. ಅಲ್ಲಿನ ಗುಮಾಸ್ತರೆಲ್ಲ ಸ್ಲಾತ್ ಎಂಬ ಮಹಾ ಸೋಮಾರಿ ಪ್ರಾಣಿಗಳು, ಒಂದು ಅಕ್ಷರ ಒತ್ತಿ ಇನ್ನೊಂದು ಒತ್ತುವುದರೊಳಗೆ ಹೊತ್ತು ಮುಳುಗುತ್ತದೆ. ನಮ್ಮ ಆರ್.ಟಿ.ಓ. ಕಛೇರಿಯ ಬೆಂಚಿನ ಮೇಲೆ ಕೂತು ಎದ್ದವನಾದ್ದರಿಂದ ನಾನೂ ನಕ್ಕೆ. ತಯಾರಕರಿಗೂ ಇದು ಹೊಳೆದಿರಬೇಕು. ಕೊನೆಯಲ್ಲಿ ಅತಿ ವೇಗವಾಗಿ ಕಾರು ಓಡಿಸಿ ಸಿಕ್ಕಿಬೀಳುವವನು ಅದೇ ಗುಮಾಸ್ತ.

ಇನ್ನು ಧೈರ್ಯದ ಮಾತು. ಪೂರ್ವಗ್ರಹವಿರುವವನು ಹೇಡಿ, ಅದಿಲ್ಲದವನು ಧೀರ ಎಂದು ಸುಲಭವಾಗಿ ಹೇಳಿಬಿಡಬಹುದು. ವಿಷಯ ಅಷ್ಟು ಸರಳವಲ್ಲ. ಪೂರ್ವಗ್ರಹಕ್ಕೂ ತನ್ನದೇ ಒಂದು ಧೈರ್ಯ ಉಂಟು, ಬೇಕಾದಷ್ಟು ಉಂಟು. ಬ್ರಾಡ್ ಬರ್ಡ್ ನಿರ್ದೇಶಿಸಿದ ೧೯೯೯ರ ‘ದಿ ಐರನ್ ಜೈಂಟ್’ ನೋಡಿ. ಕವಿ ಟೆಡ್ ಹ್ಯೂಸ್ ೧೯೬೮ರಲ್ಲಿ ಮಕ್ಕಳಿಗಾಗಿ ಬರೆದ ಕಥೆಯಿಂದ ಹುಟ್ಟಿದ ಚಿತ್ರ. ಆದರೆ ಕಾಲ ಬೇರೆ, ೧೯೫೭. ರಷ್ಯದವರು ಸ್ಪುಟ್ನಿಕ್ ಹಾರಿಸಿದ್ದಾರೆ. ಅಮೆರಿಕದ ಜನ ಆಕಾಶ ನೋಡಿ ನಡುಗುತ್ತಿದ್ದಾರೆ. ಆಗ ಮೇನ್ ರಾಜ್ಯದ ಸಣ್ಣ ಊರಿಗೆ ಎಲ್ಲಿಂದಲೋ ಬಂದು ಬಿದ್ದ ಕಬ್ಬಿಣದ ದೈತ್ಯನನ್ನು ಹೋಗಾರ್ತ್ ಎಂಬ ಹುಡುಗ ಸ್ನೇಹಿತನನ್ನಾಗಿ ಮಾಡಿಕೊಳ್ಳುತ್ತಾನೆ. ಸರ್ಕಾರದ ಪತ್ತೇದಾರ ಮ್ಯಾನ್ಸ್‌ಲಿಗೆ ಅದು ಏನೆಂದು ತಿಳಿಯುವುದು ಬೇಕಿಲ್ಲ. ನಾವು ಮಾಡಿದ್ದಲ್ಲ, ಆದ್ದರಿಂದ ಅದು ನಾಶವಾಗಬೇಕು. ಅವನ ಹಟ ಎಲ್ಲಿಗೆ ಮುಟ್ಟುತ್ತದೆಂದರೆ, ತಾನು ನಿಂತಿರುವ ಊರಿನ ಮೇಲೆಯೇ ಅಣ್ವಸ್ತ್ರ ಬೀಳುವಂತೆ ಆಜ್ಞೆ ಕೂಗಿಬಿಡುತ್ತಾನೆ. ಅದನ್ನು ತಡೆಯಲು ಮೇಲಕ್ಕೆ ಹಾರುವುದು ಆ ದೈತ್ಯ. ಕೂಗಿದ ಕ್ಷಣದಲ್ಲಿ ಮ್ಯಾನ್ಸ್‌ಲಿ ತನ್ನನ್ನು ದೇಶಭಕ್ತನೆಂದೇ ತಿಳಿದಿರಬೇಕು. ಗ್ಯಾಸ್ಟನ್ನನ ಹಿಂದೆ ಪಂಜು ಹಿಡಿದು ಹೋದವರೂ ಅಷ್ಟೆ. ಆ ರಾತ್ರಿ ಅವರೆಲ್ಲ ವೀರರು. ಗುಂಪಿನಲ್ಲಿ ದೊರೆಯುವ ಧೈರ್ಯ ಬಹಳ ಅಗ್ಗ. ನಮ್ಮ ದೇಶದ ಪತ್ರಿಕೆಗಳನ್ನು ಓದುವವರಿಗೆ ಇದಕ್ಕೆ ಉದಾಹರಣೆ ಕೊಡಬೇಕಾಗಿಲ್ಲ.

ಜೂಡಿಯ ಧೈರ್ಯ ಬೇರೆ ಜಾತಿಯದು. ಅವಳು ಕೆಲಸ ಬಿಟ್ಟು ಊರಿಗೆ ಹೋಗುತ್ತಾಳೆ. ಅಲ್ಲಿ, ಚಿಕ್ಕಂದಿನಲ್ಲಿ ತನ್ನ ಕೆನ್ನೆ ಪರಚಿದ್ದ ನರಿ ಗಿಡಿಯನ್ ಗ್ರೇ ಈಗ ಬೇಕರಿ ಇಟ್ಟು, ಅವಳ ಅಪ್ಪ ಅಮ್ಮನೊಡನೆಯೇ ವ್ಯಾಪಾರ ಮಾಡುತ್ತಿರುವುದನ್ನು ಕಾಣುತ್ತಾಳೆ. ಮೃಗಗಳ ಬುದ್ಧಿ ಕೆಟ್ಟದ್ದು ಹುಟ್ಟುಗುಣದಿಂದಲ್ಲ, ಒಂದು ಹೂವಿನ ವಿಷದಿಂದ ಎಂಬುದೂ ಹೊಳೆಯುತ್ತದೆ. ಆ ವಿಷ ಹಾಕಿಸಿದ್ದು ನಗರದ ಉಪಮೇಯರ್, ಒಂದು ಸಾಧು ಕುರಿ; ಹತ್ತರಲ್ಲಿ ಒಂಬತ್ತು ಪಾಲು ಇರುವವರನ್ನು ಹೆದರಿಕೆಯಿಂದ ಒಗ್ಗೂಡಿಸಿದರೆ ಅಧಿಕಾರ ಶಾಶ್ವತ ಎಂಬುದು ಅದರ ಲೆಕ್ಕ. ಈ ಪತ್ತೇದಾರಿಯೆಲ್ಲ ರಂಜನೆಗೆ ಸರಿ. ಕಷ್ಟದ ಕೆಲಸ ನಡೆಯುವುದು ಒಂದು ಸೇತುವೆಯ ಕೆಳಗೆ. ಜೂಡಿ ನಿಕ್ಕನನ್ನು ಹುಡುಕಿಕೊಂಡು ಹೋಗಿ, ನಾನು ಅಜ್ಞಾನಿ, ಬೇಜವಾಬ್ದಾರಿ, ಸಣ್ಣ ಮನಸ್ಸಿನವಳು ಎಂದು ಅಳುತ್ತಾ ಒಪ್ಪಿಕೊಳ್ಳುತ್ತಾಳೆ. ನನ್ನ ಉದ್ದೇಶ ಒಳ್ಳೆಯದಿತ್ತು ಎಂದು ಅಲ್ಲಿ ಅವಳು ವಾದಿಸುವುದಿಲ್ಲ. ನರಿಯೋ ನರಿಯೇ, ಅವಳ ಮಾತನ್ನೆಲ್ಲ ಅವಳದೇ ಪೆನ್ನಿನಲ್ಲಿ ಧ್ವನಿಮುದ್ರಿಸಿಕೊಂಡು ಮತ್ತೆ ಕೇಳಿಸುತ್ತಾನೆ.

ನಮ್ಮ ಗೋವಿನ ಹಾಡಿನ ಹುಲಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದ್ದೇನೆ. ಹುಟ್ಟುಗುಣ ಮೀರಬಹುದು ಎಂಬುದಕ್ಕೆ ಆ ಅರ್ಬುತನಿಗಿಂತ ದೊಡ್ಡ ಸಾಕ್ಷಿ ಕನ್ನಡದಲ್ಲಿ ಇಲ್ಲ. ಕೊಟ್ಟ ಮಾತಿಗೆ ಮರಳಿ ಬಂದ ಪುಣ್ಯಕೋಟಿಯನ್ನು ಕಂಡು ಅವನ ಹಸಿವು ಇಂಗಿಹೋಯಿತು. ಆದರೆ ಹಾಡು ಅವನಿಗೆ ಸಾಯುವುದೊಂದನ್ನು ಬಿಟ್ಟು ಬೇರೆ ದಾರಿ ತೋರಲಿಲ್ಲ. ಬದಲಾದ ಹುಲಿ ಮರುದಿನ ದೊಡ್ಡಿಯ ಪಕ್ಕದಲ್ಲಿ ಮನೆ ಮಾಡಿದ್ದರೆ ಏನಾಗುತ್ತಿತ್ತು? ಹಾಡು ಅಲ್ಲಿಗೆ ಹೋಗುವುದಿಲ್ಲ. ಸತ್ತ ಹುಲಿಯನ್ನು ಮೆಚ್ಚುವುದು ಸುಲಭ. ನೆರೆಯ ಹುಲಿಯನ್ನು ಮೆಚ್ಚಬೇಕಾದರೆ ರಾತ್ರಿ ನಿದ್ದೆ ಬರಬೇಕು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ನಾನು ಹೇಳುವುದು ಅರ್ಥವಾದೀತು. ಮನೆ ತೋರಿಸಿ, ನೀರಿನ ವಿಚಾರ ಹೇಳಿ, ಮುಂಗಡದ ಮಾತೂ ಮುಗಿದಮೇಲೆ, ಬಾಗಿಲಿಗೆ ಬೀಗ ಹಾಕುತ್ತಾ, ಏನೂ ಅಲ್ಲವೆಂಬ ದನಿಯಲ್ಲಿ ಒಂದು ಪ್ರಶ್ನೆ ಬರುತ್ತದೆ: “ತಮ್ಮದು ಯಾವ ಪೈಕಿ?” ಕೇಳಿದವರು ಸಜ್ಜನರು. ಮಕ್ಕಳನ್ನು ಒಳ್ಳೆಯ ಶಾಲೆಗೆ ಕಳಿಸುತ್ತಾರೆ; ಭಾನುವಾರ ಅವರನ್ನು ಕೂರಿಸಿಕೊಂಡು ಇಂಥ ಚಿತ್ರಗಳನ್ನೇ ತೋರಿಸುತ್ತಾರೆ; ನರಿಗೆ ಐಸ್‌ಕ್ರೀಮು ಸಿಗದಿದ್ದಾಗ ‘ಅಯ್ಯೋ ಪಾಪ’ ಎನ್ನುತ್ತಾರೆ. “ನಮಗೇನೂ ಇಲ್ಲ ಸ್ವಾಮಿ, ಮನೇಲಿ ವಯಸ್ಸಾದವರಿದ್ದಾರೆ” ಎಂಬುದು ಅವರ ಉತ್ತರ. ಎಲ್ಲರ ಮನೆಯಲ್ಲೂ ವಯಸ್ಸಾದವರಿದ್ದಾರೆ. ಹೀಗೆ ಹತ್ತು ಬೀದಿಯ ಹತ್ತು ಸಜ್ಜನರು ಒಬ್ಬೊಬ್ಬರೂ ತಮಗೇನೂ ಇಲ್ಲವೆನ್ನುವಾಗ, ಕೈಯಲ್ಲಿ ನೇಮಕದ ಪತ್ರ ಹಿಡಿದು ಬಂದ ಹುಡುಗನೊಬ್ಬ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೂತಿರುತ್ತಾನೆ. ಅವನ ಪಾಲಿಗೆ ಅವರೆಲ್ಲರ ಒಳ್ಳೆಯತನದಿಂದ ಆದ ಉಪಯೋಗ ಏನು?

ಮನೆಯ ಯಜಮಾನ ಆ ಪ್ರಶ್ನೆಯನ್ನು ಕೇಳದೆ ಬೀಗದ ಕೈಯನ್ನು ಕೊಟ್ಟರೆ ಅವನನ್ನು ಯಾರೂ ಧೀರನೆನ್ನುವುದಿಲ್ಲ. ಆದರೆ ಅವನು ಅಪ್ಪನಿಗೆ ಉತ್ತರ ಹೇಳಬೇಕು. ಎದುರು ಮನೆಯವರ ನೋಟ ಸಹಿಸಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲ ಕೆಲವು ರಾತ್ರಿ ತನ್ನೊಳಗಿನ ಅಳುಕಿನೊಡನೆ ತಾನೇ ಮಲಗಬೇಕು. ಇದಕ್ಕೆ ಬೇಕಾದ ಧೈರ್ಯವನ್ನು ಚಿತ್ರಿಸುವುದು ಸುಲಭವಲ್ಲ. ಅದರಲ್ಲಿ ಕತ್ತಿಯಿಲ್ಲ, ಪಂಜಿಲ್ಲ, ಹಿಂದೆ ನಡೆದು ಬರುವ ಜನವಿಲ್ಲ.

೨೦೧೦ರಲ್ಲಿ ಡ್ರೀಮ್‌ವರ್ಕ್ಸ್ ಸಂಸ್ಥೆಯಿಂದ ಬಂದ ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ ಅದನ್ನು ಚಿತ್ರಿಸಲು ಹೊರಟು ಗೆದ್ದಿತು ಎಂದು ನನ್ನ ಎಣಿಕೆ. ವೈಕಿಂಗರ ಆ ದ್ವೀಪದಲ್ಲಿ ಡ್ರ್ಯಾಗನ್ನನ್ನು ಕೊಂದವನೇ ಗಂಡು. ಡ್ರ್ಯಾಗನ್ನುಗಳನ್ನು ಕುರಿತ ಅವರ ಗ್ರಂಥವೊಂದಿದೆ. ಬಹುಪಾಲು ಜಾತಿಗಳ ಕೆಳಗೆ ‘ಕಂಡಲ್ಲಿ ಕೊಲ್ಲು’ ಎಂದೇ ಬರೆದಿದೆ. ಊರಿನ ನಾಯಕನ ಮಗ ಹಿಕಪ್, ತಾನೇ ಬಲೆ ಎಸೆದು ಕೆಡವಿದ ಡ್ರ್ಯಾಗನ್ನಿನ ಎದುರು ಚೂರಿ ಎತ್ತಿ ನಿಂತವನು, ಕೊಲ್ಲಲಾರದೆ ಹಗ್ಗ ಕೊಯ್ದುಬಿಡುತ್ತಾನೆ. ತಾನು ಹೆದರಿದಷ್ಟೇ ಅದೂ ಹೆದರಿತ್ತು ಎಂದು ಅವನು ಅನಂತರ ಹೇಳುತ್ತಾನೆ. ಆ ಹೊತ್ತಿಗೆ ಅವನಿಗೆ ಅದು ಹೇಡಿತನವೆಂದೇ ತೋರಿರುತ್ತದೆ.

ಆಮೇಲೆ ಒಂದು ದೃಶ್ಯ. ಬಾಲದ ರೆಕ್ಕೆ ಹರಿದು ಹಾರಲಾರದ ಡ್ರ್ಯಾಗನ್ ಒಂದು ಕಣಿವೆಯಲ್ಲಿ ಸಿಕ್ಕಿಕೊಂಡಿದೆ. ಹುಡುಗ ಕಡ್ಡಿ ಹಿಡಿದು ಮಣ್ಣಿನ ಮೇಲೆ ಅದರ ಚಿತ್ರ ಬರೆಯುತ್ತಾನೆ. ಅದೂ ಒಂದು ಕೊಂಬೆ ಕಿತ್ತು ತಂದು ನೆಲದ ತುಂಬ ಗೆರೆ ಎಳೆಯುತ್ತದೆ. ಯಾವುದರ ಚಿತ್ರವೋ ನಮಗೆ ತಿಳಿಯುವುದಿಲ್ಲ. ಹುಡುಗ ಗೆರೆಯ ಮೇಲೆ ಕಾಲಿಟ್ಟರೆ ಗುರುಗುಟ್ಟುತ್ತದೆ, ತೆಗೆದರೆ ಸುಮ್ಮನಾಗುತ್ತದೆ. ಅವನು ಗೆರೆಗಳ ನಡುವೆ ಕಾಲು ಹುಡುಕಿ ಇಡುತ್ತಾ, ತಿರುಗುತ್ತಾ, ಅರಿಯದೆ ಅದರ ಎದೆಯ ಹತ್ತಿರಕ್ಕೇ ಬಂದು ನಿಲ್ಲುತ್ತಾನೆ. ಕೈ ಚಾಚುತ್ತಾನೆ. ಅದು ಹಲ್ಲು ತೋರಿ ಹಿಂಜರಿಯುತ್ತದೆ. ಆಗ ಅವನು ಮುಖವನ್ನು ಬೇರೆ ಕಡೆಗೆ ತಿರುಗಿಸಿ, ಕಣ್ಣು ಮುಚ್ಚಿ, ಚಾಚಿದ ಕೈಯನ್ನು ಗಾಳಿಯಲ್ಲಿ ಹಾಗೆಯೇ ಬಿಡುತ್ತಾನೆ. ಅಂಗೈಗೂ ಆ ಮೂತಿಗೂ ನಡುವೆ ನಾಲ್ಕು ಬೆರಳು ಜಾಗ. ಮಾತಿಲ್ಲ. ಉಳಿದ ನಾಲ್ಕು ಬೆರಳನ್ನು ದಾಟುವುದೋ ಬಿಡುವುದೋ ಈಗ ಡ್ರ್ಯಾಗನ್ನಿಗೆ ಬಿಟ್ಟದ್ದು.